ನಾಲ್ಕು ತಿಂಗಳಿಗೆ 24 ಕೆಜಿ: ಈ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಡಾಕ್ಟರ್, ನನಗೆ 38 ವರ್ಷ. ಎತ್ತರ 165 ಸೆಂ.ಮೀ. ತೂಕ 92 ಕೆಜಿ ಇತ್ತು. ನಾಲ್ಕು ತಿಂಗಳಲ್ಲಿ 68ಕ್ಕೆ ಬರಲೇಬೇಕು ಅಂತ ತೀರ್ಮಾನ ಮಾಡಿ ಒಂದು ತಿಂಗಳ ಹಿಂದೆ ಶುರು ಮಾಡಿದೆ. ಊಟದ ಅಳತೆ ಕಡಿಮೆ ಮಾಡಿದ್ದೇನೆ. ಸಿಹಿ, ಕರಿದದ್ದು ಬಿಟ್ಟಿದ್ದೇನೆ. ದಿನಾ 45 ನಿಮಿಷ ಬಿರುಸಾಗಿ ನಡೆಯುತ್ತೇನೆ. ಮೊದಲ ವಾರ 2.8 ಕೆಜಿ ಇಳಿದಾಗ ತುಂಬಾ ಖುಷಿಯಾಗಿತ್ತು. ಆಮೇಲಿನ ಮೂರು ವಾರ ಸೇರಿಸಿದರೂ ಒಂದೂವರೆ ಕೆಜಿ ಮಾತ್ರ. ಇವತ್ತು ಬೆಳಿಗ್ಗೆಯಂತೂ ನಿನ್ನೆಗಿಂತ 700 ಗ್ರಾಂ ಜಾಸ್ತಿ ತೋರಿಸಿತು. ನನ್ನ ಜೊತೆಗೇ ಶುರು ಮಾಡಿದ ನಮ್ಮ ಮನೆಯವರಿಗೆ ಆಗಲೇ 7 ಕೆಜಿ ಇಳಿದಿದೆ. ಇದು ನನ್ನ ಮೂರನೇ ಪ್ರಯತ್ನ. ನನ್ನ ದೇಹದಲ್ಲೇ ಏನಾದರೂ ತೊಂದರೆ ಇದೆಯಾ? ರಾತ್ರಿ ಊಟ ಪೂರ್ತಿ ಬಿಟ್ಟುಬಿಡಲಾ?

ಉತ್ತರ: ನಾಲ್ಕು ವಾರದಲ್ಲಿ ನಿಮಗೆ ಒಟ್ಟು 4.3 ಕೆಜಿ ಇಳಿದಿದೆ. ಶುರುವಿನ ತೂಕಕ್ಕೆ ಇದು ಸುಮಾರು ಶೇ. 4.7. ತೂಕ ಇಳಿಸಬೇಕಾದವರಿಗೆ ನಾವು ಸಾಮಾನ್ಯವಾಗಿ ಮೊದಲ ಆರು ತಿಂಗಳಿಗೆ ಹೇಳುವ ಗುರಿಯೇ ಶೇ. 5ರಿಂದ 10. ಇಳಿದದ್ದರಲ್ಲಿ ಒಂದಿಷ್ಟು ನೀರು ಇದೆ, ಅದರ ವಿಷಯ ಮುಂದೆ ಹೇಳುತ್ತೇನೆ. ಆ ನೀರನ್ನು ಕಳೆದರೂ ನೀವು ಚೆನ್ನಾಗಿಯೇ ಮಾಡುತ್ತಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಎಲ್ಲೂ ಆ ಸಮಾಧಾನ ಕಾಣಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೇ. ಮಾಡಬೇಕಾದ್ದನ್ನು ಸರಿಯಾಗಿ ಮಾಡುತ್ತಲೇ, ಸೋತೆ ಅಂದುಕೊಂಡು ಕೈಬಿಡುವವರು ಬಹಳ ಜನ. ಹಿಂದಿನ ಎರಡು ಸಲವೂ ನಿಮಗೆ ಹೀಗೇ ಆಗಿರಬಹುದು ಅಂತ ನನ್ನ ಅನುಮಾನ.

ಮೊದಲ ವಾರದ 2.8 ಕೆಜಿಯಿಂದ ಶುರು ಮಾಡೋಣ. ನಿಮ್ಮ ನಿರೀಕ್ಷೆ ದಾರಿ ತಪ್ಪಿದ್ದು ಅಲ್ಲೇ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಅಂತ ಒಂದು ಸಕ್ಕರೆ ದಾಸ್ತಾನು ಇರುತ್ತದೆ. ದೊಡ್ಡವರಲ್ಲಿ ಸುಮಾರು 500 ಗ್ರಾಂ. ಇದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ದೇಹ ಮೊದಲು ಕೈ ಹಾಕುವುದು ಈ ದಾಸ್ತಾನಿಗೆ. ಅದು ಅರ್ಧ ಖಾಲಿಯಾದರೂ ಸಕ್ಕರೆ, ನೀರು ಎರಡೂ ಸೇರಿ ಒಂದು ಕೆಜಿ ಹೋಗುತ್ತದೆ. ಕರಿದದ್ದು ಬಿಟ್ಟಾಗ ಅದರ ಜೊತೆ ಉಪ್ಪೂ ಕಡಿಮೆಯಾಗುತ್ತದೆ, ಇನ್ನಷ್ಟು ನೀರು ಹೊರಗೆ ಹೋಗುತ್ತದೆ. ಕಡಿಮೆ ತಿಂದದ್ದರಿಂದ ಹೊಟ್ಟೆ, ಕರುಳಿನಲ್ಲಿ ಇರುವ ಆಹಾರದ ಭಾರವೂ ತಗ್ಗುತ್ತದೆ. ಹಾಗಾಗಿ ಆ 2.8 ಕೆಜಿಯಲ್ಲಿ ಕೊಬ್ಬು ಅಂತ ಇದ್ದದ್ದು ಬಹುಶಃ ಅರ್ಧ ಕೆಜಿ, ಜಾಸ್ತಿ ಅಂದರೆ ಮುಕ್ಕಾಲು ಕೆಜಿ. ಆಮೇಲಿನ ಮೂರು ವಾರದ ಒಂದೂವರೆ ಕೆಜಿಯಲ್ಲಿ ಬಹುಪಾಲು ಕೊಬ್ಬೇ. ಅಲ್ಲಿಗೆ ವಾರಕ್ಕೆ ಅರ್ಧ ಕೆಜಿ ಆಯಿತು. ನೋಡಿ, ನೀವು ನಿಧಾನವಾಗಿಯೇ ಇಲ್ಲ! ಮೊದಲ ವಾರವೂ ಕೊಬ್ಬು ಇಳಿದದ್ದು ಹೆಚ್ಚು ಕಡಿಮೆ ಇದೇ ವೇಗದಲ್ಲಿ. ವಾರಕ್ಕೆ ಮೂರು ಕೆಜಿ ಗ್ಯಾರಂಟಿ ಅನ್ನುವ ಜಾಹೀರಾತುಗಳು ತೋರಿಸುವುದು ಈ ನೀರನ್ನೇ.

ಈಗ ನಿಮ್ಮ ಗುರಿಯನ್ನು ಪೆನ್ನು ಹಿಡಿದು ಲೆಕ್ಕ ಹಾಕೋಣ. ದೇಹದ ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. 24 ಕೆಜಿಗೆ 1,84,800 ಕ್ಯಾಲರಿ. ಇದನ್ನು 120 ದಿನಕ್ಕೆ ಹಂಚಿದರೆ ದಿನಕ್ಕೆ 1,540. ನಿಮ್ಮ ವಯಸ್ಸು, ಎತ್ತರ, ತೂಕ ಇರುವ, ಸಾಧಾರಣವಾಗಿ ಓಡಾಡುವ ಹೆಂಗಸಿನ ದೇಹ ದಿನಕ್ಕೆ ಖರ್ಚು ಮಾಡುವುದು 2,100ರಿಂದ 2,200 ಕ್ಯಾಲರಿ. ಅದರಲ್ಲಿ 1,540 ಕಳೆಯಿರಿ. ತಿನ್ನಲು ಉಳಿಯುವುದು 600 ಚಿಲ್ಲರೆ. ಒಂದು ದಿನಕ್ಕಲ್ಲ, ನಾಲ್ಕು ತಿಂಗಳು ಬಿಡದೆ! ಅದೂ ಸಾಲದು. ತೂಕ ಇಳಿಯುತ್ತಾ ಹೋದ ಹಾಗೆ ಖರ್ಚೂ ಇಳಿಯುವುದರಿಂದ, ಕೊನೆಯ ತಿಂಗಳು 600 ಕೂಡ ಜಾಸ್ತಿಯಾಗುತ್ತದೆ. ಇಷ್ಟು ಕಡಿಮೆ ಊಟ ಕೊಡುವ ಚಿಕಿತ್ಸೆಗಳು ಇವೆ. ಆದರೆ ಅವನ್ನು ಮಾಡುವುದು ವೈದ್ಯರ ನಿಗಾದಲ್ಲಿ, ಲೆಕ್ಕ ಹಾಕಿ ತಯಾರಿಸಿದ ಆಹಾರದ ಜೊತೆ. ಮನೆಯಲ್ಲಿ ಒಬ್ಬರೇ ಹಟ ಹಿಡಿದು ಮಾಡುವುದಲ್ಲ.

ನಿಮ್ಮ ಈಗಿನ ವೇಗ ನೋಡಿದರೆ ದಿನಕ್ಕೆ 500 ಕ್ಯಾಲರಿ ಆಸುಪಾಸು ಕೊರತೆ ಬೀಳುತ್ತಿದೆ. ಇದು ಒಳ್ಳೆಯ ಪ್ರಮಾಣ. ಇದಕ್ಕೆ ಎಷ್ಟು ಇಳಿಯುತ್ತದೆ? ಇಲ್ಲೊಂದು ಹಳೆಯ ಲೆಕ್ಕ ಜನರನ್ನು ಇವತ್ತಿಗೂ ದಾರಿ ತಪ್ಪಿಸುತ್ತಿದೆ. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ಅಮೆರಿಕದ ವೈದ್ಯರು ಒಂದು ಪೌಂಡ್ (ಸುಮಾರು ಅರ್ಧ ಕೆಜಿ) ತೂಕಕ್ಕೆ 3,500 ಕ್ಯಾಲರಿ ಅಂತ ಬರೆದರು. ಅದನ್ನೇ ಹಿಡಿದು ಜನ ಗುಣಾಕಾರ ಮಾಡಿದರು: ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ, ವರ್ಷಕ್ಕೆ 24 ಕೆಜಿ. ಮೊದಲ ಕೆಲವು ವಾರಕ್ಕೆ ಈ ಲೆಕ್ಕ ಹೊಂದುತ್ತದೆ. ವರ್ಷಕ್ಕೆ ಹೊಂದುವುದಿಲ್ಲ. ದೇಹ ಸಣ್ಣದಾದಂತೆ ಖರ್ಚು ಕಡಿಮೆಯಾಗಿ ಆ 500ರ ಕೊರತೆ ತಾನಾಗಿಯೇ 400, 300 ಅಂತ ಕರಗುತ್ತಾ ಬರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಸರಿಮಾಡಿ ತೋರಿಸಿದರು. ಅವರ ಪ್ರಕಾರ ದಿನಕ್ಕೆ 24 ಕ್ಯಾಲರಿ ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕೆಜಿ ಇಳಿಯುತ್ತದೆ. ಅದರ ಅರ್ಧ ಇಳಿಯುವುದಕ್ಕೇ ಒಂದು ವರ್ಷ ಬೇಕು, ಪೂರ್ತಿ ಹತ್ತಿರ ಬರಲು ಮೂರು ವರ್ಷ. ಹಾಗೆ ನೋಡಿದರೆ ನಿಮ್ಮ 500 ಕ್ಯಾಲರಿಗೆ ಕೊನೆಗೆ 20 ಕೆಜಿ ಸಿಗಬಹುದು, ಆದರೆ ಮೊದಲ ವರ್ಷ ಸುಮಾರು 10 ಕೆಜಿ. ನಿಮ್ಮ 24 ಅಸಾಧ್ಯ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ನೀವು ಇಟ್ಟುಕೊಂಡ ತಾರೀಖು ಅಸಾಧ್ಯ.

ನಿಮಗೆ ನಾನು ಬರೆದುಕೊಡುವ ಅಂದಾಜು ಇದು. ನಾಲ್ಕು ತಿಂಗಳು ಮುಗಿದಾಗ 7ರಿಂದ 8 ಕೆಜಿ. ಆರು ತಿಂಗಳಿಗೆ 8ರಿಂದ 10. ವರ್ಷಕ್ಕೆ 10ರಿಂದ 12. ಯಾವುದಾದರೂ ಒಂದು ತಿಂಗಳು ಸೊನ್ನೆಯೂ ಇರಬಹುದು. ಇದು ಕಡಿಮೆ ಅನ್ನಿಸುತ್ತಿದೆ, ಅಲ್ವಾ? ಅನ್ನಿಸುವುದು ಸಹಜ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಚಿಕಿತ್ಸೆ ಶುರು ಮಾಡುವ ಮೊದಲು 60 ಹೆಂಗಸರನ್ನು ಕೂರಿಸಿ ನಾಲ್ಕು ತೂಕ ಬರೆಸಿದರು: ಕನಸಿನ ತೂಕ, ಖುಷಿಯ ತೂಕ, ಒಪ್ಪಿಕೊಳ್ಳಬಹುದಾದ ತೂಕ, ನಿರಾಸೆಯ ತೂಕ. ಅವರ ಗುರಿ ಸರಾಸರಿ ಶೇ. 32 ಇಳಿಸುವುದು. 17 ಕೆಜಿ ಇಳಿದರೆ ನಿರಾಸೆ ಅಂತ ಬರೆದರು. 48 ವಾರ ಚಿಕಿತ್ಸೆ ಆದಮೇಲೆ ಸರಾಸರಿ 16 ಕೆಜಿ ಇಳಿದಿತ್ತು. ಯಾವ ವೈದ್ಯರಿಗೆ ತೋರಿಸಿದರೂ ಭೇಷ್ ಅನ್ನುವಷ್ಟು ಇದು. ಆದರೂ ಅವರಲ್ಲಿ ಸುಮಾರು ಅರ್ಧದಷ್ಟು ಜನ ತಾವೇ ಬರೆದ ನಿರಾಸೆಯ ತೂಕವನ್ನೂ ಮುಟ್ಟಿರಲಿಲ್ಲ.

ದೊಡ್ಡ ಕನಸು ಇದ್ದರೆ ತೂಕ ಇಳಿಯುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅಧ್ಯಯನಗಳು ಅದನ್ನು ಹಾಗೆ ಒಪ್ಪುವುದಿಲ್ಲ. ದೊಡ್ಡ ಗುರಿ ಇಟ್ಟುಕೊಂಡವರೂ ಇಳಿಸಿದ್ದಾರೆ. ಆದ್ದರಿಂದ 68 ಅನ್ನುವ ಸಂಖ್ಯೆ ನಿಮ್ಮ ಮನಸ್ಸಿನಲ್ಲಿ ಇರಲಿ ಬಿಡಿ. ಆದರೆ ಈ ವಾರ ಸರಿಹೋಯಿತಾ, ಕೆಟ್ಟಿತಾ ಅಂತ ಅಳೆಯುವುದಕ್ಕೆ ಅದನ್ನು ಬಳಸಬೇಡಿ. ಅದಕ್ಕೆ ಹತ್ತಿರದ ಒಂದು ಗುರಿ ಬೇಕು: 92ರಿಂದ ಶೇ. 10, ಅಂದರೆ 83ರ ಆಸುಪಾಸು. ಸಮಯ ಆರು ತಿಂಗಳಿಂದ ಎಂಟು ತಿಂಗಳು.

ಶೇ. 5ರಿಂದ 10 ಅನ್ನುವುದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ದೇಹಕ್ಕೆ ಆಗುವ ಲಾಭದಲ್ಲಿ ದೊಡ್ಡ ಪಾಲು ಸಿಗುವುದು ಈ ಮೊದಲ ಕೆಲವು ಕೆಜಿಯಲ್ಲೇ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟಿದ್ದ ಗುರಿ ಶೇ. 7 ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58 ಕಡಿಮೆಯಾಯಿತು. ಶೇ. 7 ಅಂದರೆ ನಿಮಗೆ ಆರೂವರೆ ಕೆಜಿ. ಲಿವರ್‌ನಲ್ಲಿ ತುಂಬಿಕೊಂಡ ಕೊಬ್ಬು ಶೇ. 5 ಇಳಿದಾಗಲೇ ಕರಗಲು ಶುರುವಾಗುತ್ತದೆ. ಬಿಪಿ ತಗ್ಗುತ್ತದೆ. ಮಂಡಿ ನೋವಿನವರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಇಳಿದ ಒಂದೊಂದು ಕೆಜಿಗೂ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ತಗ್ಗಿದ್ದು ಕಂಡುಬಂದಿದೆ. ನಿಮಗೆ 4.3 ಕೆಜಿ ಆಗಲೇ ಇಳಿದಿದೆ. ಮೆಟ್ಟಿಲು ಹತ್ತುವಾಗ ಗಮನಿಸಿ ನೋಡಿ.

ಕನ್ನಡಿಯಲ್ಲಿ ಮಾತ್ರ ಇದೆಲ್ಲ ತಡವಾಗಿ ಕಾಣುತ್ತದೆ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅಂತ ನಾವು ಹೇಳಿದರೆ ದೇಹ ಕೇಳುವುದಿಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕರಗುತ್ತದೆ ಅನ್ನುವುದೂ ಸುಳ್ಳು. ಹೊಟ್ಟೆಯ ಒಳಗೆ, ಅಂಗಗಳ ಸುತ್ತ ಇರುವ ಕೊಬ್ಬು ತಗ್ಗುತ್ತಿದ್ದರೂ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟದ ಸುತ್ತಳತೆ ಬರೆದಿಡಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ನಿಮಗೆ 82 ಸೆಂ.ಮೀ. ಒಳಗೆ. ಅದು ಕೊನೆಯ ಗುರಿ. ಈಗ ಎರಡು ಸೆಂ.ಮೀ. ಇಳಿದರೂ ಅದು ನಿಜವಾದ ಬದಲಾವಣೆಯೇ.

ಇವತ್ತು ಬೆಳಿಗ್ಗೆಯ 700 ಗ್ರಾಂ ನೋಡಿ ನೀವು ಎಷ್ಟು ಕುಗ್ಗಿರಬಹುದು ಅಂತ ಅರ್ಥವಾಗುತ್ತದೆ. ಅದನ್ನೂ ಲೆಕ್ಕಕ್ಕೇ ಹಾಕಿ ನೋಡಿ. 700 ಗ್ರಾಂ ಕೊಬ್ಬು ಸೇರಬೇಕಾದರೆ ನಿನ್ನೆ ಒಂದೇ ದಿನ ನೀವು ದೇಹಕ್ಕೆ ಬೇಕಾದ್ದಕ್ಕಿಂತ ಸುಮಾರು 5,400 ಕ್ಯಾಲರಿ ಜಾಸ್ತಿ ತಿಂದಿರಬೇಕು. ತಿಂದಿದ್ದೀರಾ? ಇಲ್ಲ. ಹಾಗಾದರೆ ಅದು ಕೊಬ್ಬಲ್ಲ. ಹಿಂದಿನ ದಿನ ಊಟದಲ್ಲಿ ಉಪ್ಪು ಸ್ವಲ್ಪ ಜಾಸ್ತಿಯಾಗಿರಬಹುದು, ಹೊಟ್ಟೆ ಸರಿಯಾಗಿ ಖಾಲಿಯಾಗಿಲ್ಲದಿರಬಹುದು, ಮುಟ್ಟಿನ ದಿನ ಹತ್ತಿರ ಬಂದಿರಬಹುದು. ಜಾಸ್ತಿ ನಡೆದು ಮೈಕೈ ನೋವು ಬಂದಿದ್ದರೂ ಸ್ನಾಯುಗಳು ಒಂದೆರಡು ದಿನ ನೀರು ಹಿಡಿದಿಟ್ಟುಕೊಳ್ಳುತ್ತವೆ. ಒಂದೇ ದಿನದಲ್ಲಿ ಒಂದು, ಒಂದೂವರೆ ಕೆಜಿ ಆಚೀಚೆ ಆಗುವುದು ಯಾರಿಗೇ ಆದರೂ ಮಾಮೂಲು. ನಿಮಗೆ ವಾರಕ್ಕೆ ಇಳಿಯುತ್ತಿರುವುದು ಅರ್ಧ ಕೆಜಿ. ದಿನದ ಏರಿಳಿತ ಅದರ ಎರಡು ಮೂರು ಪಟ್ಟು ಇರುವಾಗ, ಇವತ್ತಿನ ಸಂಖ್ಯೆಯನ್ನು ನಿನ್ನೆಯದಕ್ಕೆ ಹೋಲಿಸಿ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ, ಬರೆದಿಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಮುಟ್ಟಿನ ವಾರವನ್ನು ಹಿಂದಿನ ತಿಂಗಳ ಮುಟ್ಟಿನ ವಾರಕ್ಕೆ ಹೋಲಿಸಿದರೆ ಇನ್ನೂ ಒಳ್ಳೆಯದು. ದಿನಾ ನೋಡಿದರೆ ಮನಸ್ಸು ಕೆಡುತ್ತದೆ ಅನ್ನುವುದಾದರೆ ವಾರಕ್ಕೊಮ್ಮೆ ಸಾಕು, ಆದರೆ ಆಗ ಒಂದು ವಾರದ ಸಂಖ್ಯೆ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ನಿಮ್ಮ ಮನೆಯವರ ವಿಷಯ. ಗಂಡಸರಲ್ಲಿ ಸಾಮಾನ್ಯವಾಗಿ ಸ್ನಾಯು ಜಾಸ್ತಿ, ಮೈಕಟ್ಟು ದೊಡ್ಡದು, ಕೂತಲ್ಲೇ ಆಗುವ ಖರ್ಚೂ ಜಾಸ್ತಿ. ಇಬ್ಬರೂ ಒಂದೇ ಥರ ಊಟ ಕಡಿಮೆ ಮಾಡಿದರೂ ಅವರಿಗೆ ಬೀಳುವ ಕೊರತೆ ದೊಡ್ಡದು. ಮೊದಲ ವಾರ ಹೋಗುವ ನೀರೂ ಜಾಸ್ತಿ. ಇಬ್ಬರೂ ಜೊತೆಗೆ ಮಾಡುತ್ತಿರುವುದು ತುಂಬಾ ಒಳ್ಳೆಯದು. ನಡೆಯುವುದು ಜೊತೆಗೆ ಇರಲಿ, ತೂಕದ ಪುಸ್ತಕ ಮಾತ್ರ ಬೇರೆ ಬೇರೆ ಇರಲಿ.

ನಡಿಗೆಯಿಂದ ಎಷ್ಟು ಸಿಗುತ್ತದೆ ಅನ್ನುವುದನ್ನೂ ಹೇಳಬೇಕು. ನಿಮ್ಮ 45 ನಿಮಿಷಕ್ಕೆ ಹೆಚ್ಚುವರಿಯಾಗಿ ಖರ್ಚಾಗುವುದು ಸುಮಾರು 200 ಕ್ಯಾಲರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ವ್ಯಾಯಾಮ ಒಂದರಿಂದಲೇ ತೂಕ ಇಳಿಸಲು ಹೊರಟವರಿಗೆ ನಿರಾಸೆ ಆಗುವುದು ಇದಕ್ಕೇ. ಹಾಗಂತ ನಿಲ್ಲಿಸಬೇಡಿ. ನಡಿಗೆಯಿಂದ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಆಗುವ ಒಳ್ಳೆಯದು ತೂಕದ ಮಾಪಕದಲ್ಲಿ ಕಾಣುವುದಿಲ್ಲ. ಇಳಿದ ತೂಕ ಮತ್ತೆ ಏರದಂತೆ ತಡೆಯುವಾಗ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ. ಇದಕ್ಕೆ ವಾರಕ್ಕೆ ಎರಡು ಸಲ ಸ್ನಾಯು ಬಲದ ವ್ಯಾಯಾಮ ಸೇರಿಸಿ: ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಸ್ವಲ್ಪ ಭಾರ ಎತ್ತುವುದು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಒಂದಿಷ್ಟು ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಇದೂ ಬೇಕು, ಪ್ರತಿ ಊಟದಲ್ಲೂ ಪ್ರೋಟೀನ್ ಬೇಕು.

ಮುಂದೆ ಬರುವ ಒಂದು ಕಷ್ಟವನ್ನು ಈಗಲೇ ಹೇಳಿಬಿಡುತ್ತೇನೆ, ಆಗ ಗಾಬರಿಯಾಗುವುದಿಲ್ಲ. ಐದಾರು ತಿಂಗಳು ಕಳೆದ ಮೇಲೆ ತೂಕ ಒಂದು ಕಡೆ ನಿಂತುಬಿಡುತ್ತದೆ. ಬಹುತೇಕ ಎಲ್ಲರಿಗೂ ಹೀಗೆ ಆಗುತ್ತದೆ. 2016ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ, ಇಳಿದ ಒಂದೊಂದು ಕೆಜಿಗೂ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲರಿ ತಗ್ಗಿದರೆ, ಹಸಿವು 100 ಕ್ಯಾಲರಿಯಷ್ಟು ಏರುತ್ತದೆ. ಹತ್ತು ಕೆಜಿ ಇಳಿದವರ ದೇಹ ದಿನಾ ಎಷ್ಟು ಒತ್ತಾಯ ಮಾಡುತ್ತಿರುತ್ತದೆ ಅಂತ ಯೋಚಿಸಿ. ಅದನ್ನು ಛಲ ಇಲ್ಲ, ಮನಸ್ಸು ಗಟ್ಟಿ ಇಲ್ಲ ಅಂತ ಬೈಯುವುದು ತಪ್ಪು. ಇಂಥ ಹಸಿವಿನಲ್ಲಿ ಅಳತೆ ನಮಗೇ ಗೊತ್ತಿಲ್ಲದೆ ಜಾರುತ್ತದೆ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ ಅನ್ನುತ್ತಿದ್ದವರನ್ನು ಪರೀಕ್ಷೆ ಮಾಡಿದಾಗ, ಅವರು ಬರೆದುಕೊಟ್ಟದ್ದು ನಿಜವಾಗಿ ತಿಂದದ್ದರ ಅರ್ಧದಷ್ಟೇ ಇತ್ತು. ಅವರು ಸುಳ್ಳುಗಾರರಲ್ಲ. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದು, ಎರಡನೇ ಸಲ ಸುರಿದ ಎಣ್ಣೆ ಯಾರ ನೆನಪಲ್ಲೂ ಉಳಿಯುವುದಿಲ್ಲ. ನಾಲ್ಕು ವಾರದ ಸರಾಸರಿ ಒಂದಿಷ್ಟೂ ಅಲುಗದಿದ್ದರೆ ಒಂದು ವಾರ ಎಲ್ಲವನ್ನೂ ತಿಂದ ಕೂಡಲೇ ಬರೆಯಿರಿ. ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ.

ಹಾಗೆ ಬರೆದ ಮೇಲೂ ಏನೂ ಸಿಗದಿದ್ದರೆ, ಆಗ ನೀವು ಇರುವ ತೂಕವನ್ನು ಕೆಲವು ತಿಂಗಳು ಹಿಡಿದಿಟ್ಟುಕೊಳ್ಳುವುದೇ ಕೆಲಸ. ಇದನ್ನು ಸೋಲು ಅಂತ ಎಣಿಸಬೇಡಿ. ನಿಮ್ಮ ಹಿಂದಿನ ಎರಡು ಪ್ರಯತ್ನಗಳಲ್ಲಿ ಇಲ್ಲದೆ ಹೋದದ್ದು ಬಹುಶಃ ಈ ಭಾಗವೇ. ಇಳಿಸುವುದಕ್ಕೆ ಯೋಜನೆ ಇರುತ್ತದೆ, ಇಳಿದ ಮೇಲಿನ ದಿನಗಳಿಗೆ ಇರುವುದಿಲ್ಲ. ತೂಕ ಇಳಿಸಲು ಈಗ ಹೆಸರು ಮಾಡಿರುವ ಸೆಮಗ್ಲುಟೈಡ್ ಇಂಜೆಕ್ಷನ್‌ನ ಕತೆಯೂ ಇದೇ. ಒಂದು ದೊಡ್ಡ ಅಧ್ಯಯನದಲ್ಲಿ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ಇಳಿದಿತ್ತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಅದಕ್ಕೇ ಈಗ ನೀವು ಮಾಡುತ್ತಿರುವ ಯಾವುದೇ ಬದಲಾವಣೆಗೂ ಒಂದು ಪ್ರಶ್ನೆ ಕೇಳಿ: ಇದನ್ನು ಎರಡು ವರ್ಷ ಆದಮೇಲೂ ಮಾಡುತ್ತಿರುತ್ತೇನಾ? ಸಿಹಿಯನ್ನು ಪೂರ್ತಿ ಬಿಟ್ಟಿದ್ದೇನೆ ಅಂದಿರಿ. ಜೀವನಪೂರ್ತಿ ಬಿಡಲು ಆಗುವುದಾದರೆ ಸರಿ. ಆಗದಿದ್ದರೆ ವಾರಕ್ಕೊಮ್ಮೆ ಸ್ವಲ್ಪ ತಿಂದು ಅಭ್ಯಾಸ ಮಾಡಿಕೊಳ್ಳುವುದನ್ನು ಈಗಲೇ ಕಲಿಯಿರಿ.

ಇನ್ನು ರಾತ್ರಿ ಊಟ. ಬಿಡಬೇಡಿ. ವಾರಕ್ಕೆ ಅರ್ಧ ಕೆಜಿ ಇಳಿಯುತ್ತಿರುವಾಗ ಇನ್ನಷ್ಟು ಕತ್ತರಿಸುವ ಅಗತ್ಯ ಇಲ್ಲ. ವಾರಕ್ಕೆ ಒಂದೂವರೆ ಕೆಜಿ ಮೀರಿ ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಏರುತ್ತದೆ. ಎರಡು ಮೂರು ತಿಂಗಳ ನಂತರ ಕೂದಲು ವಿಪರೀತ ಉದುರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ದಿನ ತಡೆದ ಹಸಿವು ಯಾವುದೋ ಒಂದು ರಾತ್ರಿ ಒಟ್ಟಿಗೆ ನುಗ್ಗುತ್ತದೆ. ತಟ್ಟೆಯಲ್ಲಿ ತರಕಾರಿ ಅರ್ಧ ಇರಲಿ, ಪ್ರೋಟೀನ್ ಇರಲಿ, ಮಲಗುವ ಎರಡು ಮೂರು ಗಂಟೆ ಮೊದಲು ಮುಗಿಸಿ.

ದೇಹದಲ್ಲಿ ತೊಂದರೆ ಇದೆಯಾ ಅಂತ ಕೇಳಿದ್ದೀರಿ. 4.3 ಕೆಜಿ ಇಳಿಸಿದ ದೇಹ ಮಾಮೂಲಾಗಿಯೇ ಕೆಲಸ ಮಾಡುತ್ತಿದೆ. ಆದರೂ ಇದುವರೆಗೆ ಮಾಡಿಸಿಲ್ಲದಿದ್ದರೆ ಥೈರಾಯ್ಡ್, ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಒಮ್ಮೆ ಮಾಡಿಸಿ, ಬಿಪಿ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಅದರಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಬಹುಪಾಲು ಉಪ್ಪು ನೀರು. ಮುಟ್ಟು ತಿಂಗಳುಗಟ್ಟಲೆ ಏರುಪೇರಾಗುತ್ತಿದ್ದರೆ ಅದನ್ನೂ ಹೇಳಿ. ಸ್ಟೆರಾಯ್ಡ್, ಖಿನ್ನತೆ ಅಥವಾ ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ಅಂಥವು ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯಾ ಅಂತ ಬರೆದುಕೊಟ್ಟ ವೈದ್ಯರನ್ನು ಕೇಳಿ. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ, ಇಲ್ಲವೇ ಬಿಪಿ ಮಾತ್ರೆ ನಡೆಯುತ್ತಿದ್ದರೆ ಈ ವಾರವೇ ವೈದ್ಯರನ್ನು ನೋಡಿ. ಊಟ ಕಡಿಮೆಯಾಗಿ ತೂಕ ಇಳಿದ ಮೇಲೂ ಹಳೆಯ ಪ್ರಮಾಣವೇ ಮುಂದುವರಿದರೆ ಸಕ್ಕರೆ ಅಥವಾ ಬಿಪಿ ತೀರಾ ಕೆಳಗೆ ಹೋಗಿ ತಲೆ ಸುತ್ತಿ ಬೀಳಬಹುದು. 7 ಕೆಜಿ ಇಳಿದಿರುವ ಅವರಿಗೆ ಇದು ನಿಮಗಿಂತ ಬೇಗ ಬೇಕಾಗಬಹುದು.